ಇಬ್ಬನಿ ಬಿದ್ದೊಡನೆ ಟ್ರಿಪ್ ಆಗುವ ಕ್ರಿಸ್‌ಮಸ್ ದೀಪಗಳು

ಪ್ರಶ್ನೆ: ನಮ್ಮದು ಬಂಟ್ವಾಳ ಸಮೀಪದ ಹಳೆಯ ಹಂಚಿನ ಮನೆ. ಮುಂಭಾಗಕ್ಕೆ ಕಬ್ಬಿಣದ ಪೈಪು ನಿಲ್ಲಿಸಿ ತಗಡಿನ ಶೀಟು ಹೊದಿಸಿದ್ದೇವೆ. ಪ್ರತಿ ಡಿಸೆಂಬರಿನಲ್ಲಿ ಮಾಡಿನ ಅಂಚಿಗೆ ಏಳೆಂಟು ಎಲ್‌ಇಡಿ ಸೀರಿಯಲ್ ಸೆಟ್‌ಗಳನ್ನೂ ಅಂಗಳದಲ್ಲಿ ಎರಡು ನಕ್ಷತ್ರಗಳನ್ನೂ ತೂಗುಹಾಕುತ್ತೇವೆ. ಕಳೆದ ವರ್ಷ ಸಂಜೆ ಚೆನ್ನಾಗಿಯೇ ಉರಿಯುತ್ತಿದ್ದ ದೀಪಗಳು ನಡುರಾತ್ರಿಯ ಬಳಿಕ ಟ್ರಿಪ್ ಆಗಿ ಮನೆಯೆಲ್ಲ ಕತ್ತಲಾಗುತ್ತಿತ್ತು. ಪರಿಚಯದ ವಯರಿಂಗ್ ಕೆಲಸದವರು ‘ಲೋಡ್ ಜಾಸ್ತಿಯಾಗಿದೆ, ಆರ್‌ಸಿಸಿಬಿ (ಕರೆಂಟು ಸೋರಿದರೆ ಸಂಪರ್ಕ ಕಡಿಯುವ ಸ್ವಿಚ್ಚು) ತಪ್ಪಿಸಿ ನೇರ ಕೊಟ್ಟರೆ ಸರಿಹೋಗುತ್ತದೆ’ ಎನ್ನುತ್ತಾರೆ. ಹಾಗೆ ಮಾಡಬಹುದೇ?
— ಓದುಗರು, ಬಂಟ್ವಾಳ

ಉತ್ತರ: ದಯವಿಟ್ಟು ಮಾಡಬೇಡಿ. ನಿಮ್ಮ ಎಲ್ಲ ದೀಪಗಳನ್ನು ಕೂಡಿಸಿದರೂ 150 ವ್ಯಾಟ್ ದಾಟುವುದು ಅಪರೂಪ. ಬೆಳಿಗ್ಗೆ ಚಟ್ನಿ ರುಬ್ಬುವ ಮಿಕ್ಸಿ ಅದಕ್ಕಿಂತ ಹೆಚ್ಚು ಎಳೆಯುತ್ತದೆ. ಲೋಡ್ ಹೆಚ್ಚಾದಾಗ ಬೀಳಬೇಕಾದದ್ದು ಎಂಸಿಬಿಯೇ (ಕರೆಂಟು ಮಿತಿಮೀರಿದರೆ ಕಡಿಯುವ ಸ್ವಿಚ್ಚು) ಹೊರತು ಆರ್‌ಸಿಸಿಬಿಯಲ್ಲ. ಫೇಸಿನಲ್ಲಿ ಹೋದ ಕರೆಂಟು ಅಷ್ಟೇ ಪ್ರಮಾಣದಲ್ಲಿ ನ್ಯೂಟ್ರಲ್‌ನಲ್ಲಿ ಮರಳದೆ ನಡುವೆ ಎಲ್ಲೋ ಸೋರಿದರೆ, ಆ ಸೋರಿಕೆ 30 ಮಿಲಿ ಆಂಪಿಯರ್ ತಲುಪುವಷ್ಟರಲ್ಲಿ ಸಂಪರ್ಕ ಕಡಿಯುವುದು ಮನೆಗಳಲ್ಲಿ ಹಾಕುವ ಆರ್‌ಸಿಸಿಬಿಯ ಕೆಲಸ. ಇಬ್ಬನಿ ಬಿದ್ದ ಮೇಲಷ್ಟೇ ಅದು ಬೀಳುತ್ತಿತ್ತೆಂದರೆ, ನೀರು ಹೊಕ್ಕ ಯಾವುದೋ ಜಾಯಿಂಟಿನಿಂದ ಕರೆಂಟು ನಿಮ್ಮ ತಗಡಿಗೂ ಅದನ್ನು ಹೊತ್ತ ಕಬ್ಬಿಣದ ಪೈಪಿಗೂ ಇಳಿಯುತ್ತಿದ್ದಿರಬೇಕು. ಆರ್‌ಸಿಸಿಬಿಯನ್ನು ತಪ್ಪಿಸಿದ್ದರೆ ದೀಪಗಳೇನೋ ಬೆಳಗಿನವರೆಗೆ ಉರಿಯುತ್ತಿದ್ದವು. ಬರಿಗಾಲಿನಲ್ಲಿ ಅಂಗಳಕ್ಕಿಳಿದು ಆ ಪೈಪು ಹಿಡಿದವರ ಗತಿಯೇನು?

ದೋಷವಿರುವ ಸರವನ್ನು ಪತ್ತೆಹಚ್ಚಲು ಹಗಲಿನ ಬಿಸಿಲು ಸಹಾಯಕ್ಕೆ ಬಾರದು. ಮುಂಜಾನೆ, ಇಬ್ಬನಿ ಇನ್ನೂ ಆರಿರದ ಹೊತ್ತಿನಲ್ಲಿ, ಯಾರೂ ಸರಗಳನ್ನಾಗಲಿ ಶೀಟನ್ನಾಗಲಿ ಮುಟ್ಟದಂತೆ ನೋಡಿಕೊಂಡು, ಮನೆಯೊಳಗಿನ ಪ್ಲಗ್ಗಿನಲ್ಲಿ ಒಂದೊಂದೇ ಸೆಟ್ಟನ್ನು ಚುಚ್ಚಿ ನೋಡಿ. ಯಾವುದಕ್ಕೆ ಟ್ರಿಪ್ ಆಗುತ್ತದೋ ಅದನ್ನು ಪಕ್ಕಕ್ಕಿಡಿ. ಹೆಚ್ಚಿನ ಸಂದರ್ಭಗಳಲ್ಲಿ ಅಪರಾಧಿ, ಎರಡು ಸರಗಳನ್ನು ತಿರುಚಿ ಸೇರಿಸಿ ಸೆಲೋಟೇಪ್ ಸುತ್ತಿದ ಜಾಗವೇ ಆಗಿರುತ್ತದೆ.

ಇನ್ನೊಂದು ವಿಷಯವನ್ನು ಬಹಳ ಮಂದಿ ಗಮನಿಸುವುದಿಲ್ಲ. ನಮ್ಮ ಅಂಗಡಿಗಳಲ್ಲಿ ಸಿಗುವ ಅಗ್ಗದ ಸೆಟ್‌ಗಳಲ್ಲಿ ಟ್ರಾನ್ಸ್‌ಫಾರ್ಮರ್ ಇರುವುದಿಲ್ಲ. 230 ವೋಲ್ಟು ನೇರವಾಗಿ ಸರದೊಳಕ್ಕೆ ಹೋಗುತ್ತದೆ. ನಡುವೆ ಒಂದು ತಂತಿ ತುಂಡಾದರೆ ಅದಕ್ಕೆ ಸೇರಿದ ದೀಪಗಳೆಲ್ಲ ಆರುತ್ತವೆ, ಆದರೆ ತುಂಡಾದ ಜಾಗದ ಒಂದು ಬದಿಯಲ್ಲಿ ಪೂರ್ಣ ವೋಲ್ಟೇಜ್ ಹಾಗೆಯೇ ನಿಂತಿರುತ್ತದೆ. ಆದ್ದರಿಂದ ಆರಿದ ಸರವೆಂದು ಕೈಹಾಕುವ ಮೊದಲು ಪ್ಲಗ್ ಕಿತ್ತಿರಬೇಕು. ಎರಡು ಪಿನ್ನಿನ ಪ್ಲಗ್ಗನ್ನು ಹೇಗೆ ಬೇಕಾದರೂ ತಿರುಗಿಸಿ ಚುಚ್ಚಬಹುದಾದ್ದರಿಂದ ಸೆಟ್ಟಿನ ಮೇಲಿನ ಪುಟ್ಟ ಸ್ವಿಚ್ಚನ್ನು ನಂಬುವಂತಿಲ್ಲ.

ಈ ವರ್ಷ ಹೊಸದಾಗಿ ಕೊಳ್ಳುವುದಿದ್ದರೆ ಐಪಿ 65 (ದೂಳು, ನೀರು ಒಳಹೊಗದಂತೆ ತಡೆಯುವ ದರ್ಜೆ) ಎಂದು ನಮೂದಿಸಿರುವ, ಅಡಾಪ್ಟರ್ ಸಹಿತವಾದ ಸೆಟ್ಟನ್ನೇ ಕೊಳ್ಳಿ, ಮತ್ತು ಆ ಅಡಾಪ್ಟರ್ ಮನೆಯೊಳಗೇ ಇರಲಿ. ತೂಗುಹಾಕುವಾಗ ಮಾಡಿನ ಎರಡು ಮೂಲೆಗಳ ನಡುವೆ ಮೊದಲು ನೈಲಾನ್ ಹಗ್ಗ ಬಿಗಿದು, ಸರವನ್ನು ಅದಕ್ಕೆ ಟ್ಯಾಗಿನಿಂದ ಕಟ್ಟಿದರೆ ಭಾರವೆಲ್ಲ ಹಗ್ಗದ ಮೇಲೆ ಬೀಳುತ್ತದೆ. ತಂತಿ ಶೀಟಿನ ಅಂಚಿಗೆ ಉಜ್ಜಬಾರದು. ಕತ್ತರಿಸಿದ ತಗಡು ಎರಡು ರಾತ್ರಿಯ ಗಾಳಿಗೆ ಪ್ಲಾಸ್ಟಿಕ್ ಹೊದಿಕೆಯನ್ನು ಕೊಯ್ದುಬಿಡಬಲ್ಲದು. ಕಿಟಕಿಯೊಳಕ್ಕೆ ಬರುವ ತಂತಿಯನ್ನು ಒಂದು ಗೇಣಿನಷ್ಟು ಕೆಳಗೆ ಜೋಲುಬಿಟ್ಟು ಆಮೇಲೆ ಮೇಲಕ್ಕೆ ತನ್ನಿ. ತಂತಿಗುಂಟ ಹರಿದುಬರುವ ನೀರು ಆ ಜೋಲಿನ ತುದಿಯಲ್ಲೇ ತೊಟ್ಟಿಕ್ಕಿಹೋಗುತ್ತದೆ. ಹಳೆಯ ಹಂಚಿನ ಮೇಲೆ ಯಾರನ್ನೂ ಹತ್ತಿಸಬೇಡಿ. ಕಂಬದಿಂದ ಮನೆಗೆ ಬರುವ ಸರ್ವಿಸ್ ವಯರಿನ ಹತ್ತಿರ ಅಲ್ಯೂಮಿನಿಯಂ ಏಣಿಯೂ ಬೇಡ.

ನಕ್ಷತ್ರಗಳದ್ದು ಚಿಕ್ಕ ಮಾತು: ಒಳಗೆ 5 ವ್ಯಾಟಿನ ಎಲ್‌ಇಡಿ ಬಲ್ಬು ಸಾಕು, ಹೋಲ್ಡರಿನ ಬಾಯಿ ಕೆಳಮುಖವಾಗಿರಲಿ. ಹಳೆಯ 60 ವ್ಯಾಟಿನ ಬಲ್ಬಿನ ಬಿಸಿಗೆ ಕಾಗದ ಕಂದಿ ಸುಟ್ಟೀತು. ಅಂಗಳದಲ್ಲಿ ಗೋದಲಿಯನ್ನೂ ಕಟ್ಟುವುದಿದ್ದರೆ ಸೀರಿಯಲ್ ಸೆಟ್ಟಿನ ಮಿನುಗಿಸುವ ಡಬ್ಬಿಯನ್ನು ಒಣಹುಲ್ಲಿನೊಳಗೆ ಹುದುಗಿಸಬೇಡಿ; ಅದನ್ನು ಹೊರಗೆ, ಕಣ್ಣಿಗೆ ಕಾಣುವಂತೆ, ಮಳೆ-ಇಬ್ಬನಿ ತಾಗದಲ್ಲಿ ಇಡಿ.