ಜರ್ಮನ್ ಕಲಾವಿದ ಡ್ಯೂರರ್‌ನ ಘೇಂಡಾಮೃಗದ ಚಿತ್ರವಿರುವ ಬೆಳ್ಳಿ ನಾಣ್ಯ ಮಡಿಕೇರಿಯ ಮಳೆಗಾಲದಲ್ಲಿ ಕಪ್ಪಾಗದಂತೆ ಇಡುವುದು ಹೇಗೆ?

ಒಂದು ಔನ್ಸಿನ ನಿಮ್ಮ ಪ್ರೂಫ್ ನಾಣ್ಯವನ್ನು, ಕೊಡವರ ಆಯುಧಪೂಜೆಯ ಹಬ್ಬವಾದ ಕೈಲ್ ಮುಹೂರ್ತಕ್ಕೆ ಮುನ್ನ ಪೀಚೆಕತ್ತಿ ಎಂಬ ಕಿರುಗತ್ತಿಯ ಬೆಳ್ಳಿಯನ್ನು ಉಜ್ಜುವಂತೆ ಉಜ್ಜಲೇಬೇಡಿ. ಹೊಳಪು ಕೊಟ್ಟ ಅಚ್ಚಿನಿಂದ ಒತ್ತಿದ ಇಂಥ ನಾಣ್ಯದ ಹಿನ್ನೆಲೆ ಕನ್ನಡಿಯಂತಿರುವುದರಿಂದ ಮೆತ್ತನೆಯ ಬಟ್ಟೆಯೂ ಅದರ ಮೇಲೆ ಕೂದಲೆಳೆಯಂಥ ಗೀರು ಬಿಡುತ್ತದೆ; ಸಂಗ್ರಾಹಕರು ಲೋಹದ ಬೆಲೆಗಿಂತ ಹೆಚ್ಚು ಕೊಡುವುದು ಬಹುಮಟ್ಟಿಗೆ ಆ ಮೇಲ್ಮೈಗೇ. ಬೆಳ್ಳಿಯನ್ನು ಕಪ್ಪಾಗಿಸುವುದು ಗಾಳಿಯಲ್ಲಿರುವ ಗಂಧಕದ ಅನಿಲಗಳು, ನಮ್ಮ ಜುಲೈ ತಿಂಗಳ ತೇವವು ಅದಕ್ಕೆ ವೇಗ ಕೊಡುತ್ತದೆ. ಆದ್ದರಿಂದ ನಾಣ್ಯವನ್ನು ಮುಚ್ಚಿಟ್ಟಿರುವ ಪಾರದರ್ಶಕ ಕ್ಯಾಪ್ಸೂಲ್ ಬಿಚ್ಚದೆ, ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಗಾಳಿಯಾಡದ ಡಬ್ಬಿಯಲ್ಲಿಡಿ. ಪಿವಿಸಿ ಚೀಲ ಮತ್ತು ರಬ್ಬರ್ ಬ್ಯಾಂಡ್ ಬೇಡ.

ಅಸಲಿಯೇ ಎಂದೂ ಕೇಳಿದ್ದೀರಿ. ಮೊದಲು ತೂಕ ನೋಡಿ: ಬೆಳ್ಳಿಯನ್ನು ಅಳೆಯುವ ಟ್ರಾಯ್ ಔನ್ಸ್ ಎಂದರೆ ಸುಮಾರು 31.1 ಗ್ರಾಂ, ಅಡುಗೆಮನೆಯ 28.35 ಗ್ರಾಮಿನ ಔನ್ಸ್ ಅಲ್ಲ. ಇನ್ನು ಚಿತ್ರದ ಮಾತು: ಗುಜರಾತಿನಿಂದ ಲಿಸ್ಬನ್‌ಗೆ ಹೋದ ಆ ಪ್ರಾಣಿಯನ್ನು ಸ್ವತಃ ನೋಡದೆ, ವರ್ಣನೆ ಮತ್ತು ರೇಖಾಚಿತ್ರವನ್ನು ನಂಬಿ 1515ರಲ್ಲಿ ಮರದಚ್ಚಿನ ಚಿತ್ರ ರಚಿಸಿದ ಡ್ಯೂರರ್, ಅದಕ್ಕೆ ಕವಚದಂಥ ಚರ್ಮವನ್ನೂ ಹೆಗಲ ಮೇಲೊಂದು ಪುಟ್ಟ ಹೆಚ್ಚುವರಿ ಕೊಂಬನ್ನೂ ಕೊಟ್ಟ. ಆ ಕೊಂಬು ಕಾಣದ ನಾಣ್ಯವನ್ನು, ಬೆಳ್ಳಿ ಎಷ್ಟೇ ಶುದ್ಧವಿರಲಿ, ನಾನಂತೂ ಕೊಳ್ಳುವುದಿಲ್ಲ.