ಎದ್ದಾಗ ಕಣ್ಣು ಕತ್ತಲೆ ಬರುವುದರ ಬಗ್ಗೆ

ಸಕಲೇಶಪುರದಲ್ಲಿರುವ ನಿಮ್ಮ ತಂದೆಯವರಿಗೆ ಹಾಸಿಗೆಯಿಂದ ಎದ್ದೊಡನೆ ಕಣ್ಣು ಕತ್ತಲೆ ಬಂದರೂ, ಆಸ್ಪತ್ರೆಯಲ್ಲಿ ಕೂರಿಸಿ ನೋಡಿದಾಗ ಬಿ.ಪಿ. ಸರಿಯಾಗಿರುವುದೇಕೆ ಎಂದು ಕೇಳಿದ್ದೀರಿ. ಕೂರಿಸಿ ನೋಡಿದ್ದರಿಂದಲೇ, ನಿಂತಾಗ ಬಿ.ಪಿ. ಇಳಿಯುವುದು ತಿಳಿಯದೆ ಹೋಗಿರಬಹುದು. ನಾವು ಎದ್ದು ನಿಂತಾಗ ಸುಮಾರು ಅರ್ಧ ಲೀಟರಿಗೂ ಹೆಚ್ಚು ರಕ್ತ ಕಾಲು ಮತ್ತು ಹೊಟ್ಟೆಯ ಕಡೆಗೆ ಇಳಿಯುತ್ತದೆ. ಕತ್ತಿನ ರಕ್ತನಾಳದಲ್ಲಿರುವ ನರತುದಿಗಳು ಅದನ್ನು ಗ್ರಹಿಸಿ ಕೂಡಲೇ ಹೃದಯಬಡಿತವನ್ನು ಹೆಚ್ಚಿಸಿ ನಾಳಗಳನ್ನು ಬಿಗಿಗೊಳಿಸಬೇಕು, ಆದರೆ ವಯಸ್ಸಾದಂತೆ ಈ ಸ್ಪಂದನೆ ಮಂದವಾಗುತ್ತದೆ; ಆಗ ಬಿ.ಪಿ. ಇಳಿದು, ಮಿದುಳಿಗೆ ರಕ್ತ ಸಾಲದೆ ಕಣ್ಣು ಕತ್ತಲೆ ಬರುತ್ತದೆ. 5 ನಿಮಿಷ ಮಲಗಿಸಿ ಒಮ್ಮೆ, ನಿಂತ 1ನೇ ಮತ್ತು 3ನೇ ನಿಮಿಷದಲ್ಲಿ ಮತ್ತೆ ಬಿ.ಪಿ. ಅಳೆದು ಒಂದು ಚೀಟಿಯಲ್ಲಿ ಬರೆದಿಡಿ. ನಿಂತಾಗ ಮೇಲಿನ ಅಂಕಿ 20ರಷ್ಟು ಅಥವಾ ಕೆಳಗಿನದು 10ರಷ್ಟು ಇಲ್ಲವೇ ಅದಕ್ಕಿಂತ ಹೆಚ್ಚು ಇಳಿದಿದ್ದರೆ ಆ ಚೀಟಿಯೊಂದಿಗೆ ವೈದ್ಯರನ್ನು ಕಾಣಿರಿ. ಬಿ.ಪಿ. ಅಥವಾ ಪ್ರಾಸ್ಟೇಟ್ ಮಾತ್ರೆಗಳೂ ಕಾರಣವಾಗಬಹುದು, ಆದರೆ ನೀವಾಗಿಯೇ ನಿಲ್ಲಿಸಬೇಡಿ. ಮಲೆನಾಡಿನ ಚಳಿಯಲ್ಲಿ ಹಿರಿಯರು ನೀರು ಕುಡಿಯುವುದೇ ಕಡಿಮೆ (ನಮ್ಮ ಮನೆಯಲ್ಲೂ ಹಾಗೆಯೇ), ಅದರಿಂದಲೂ ಬಿ.ಪಿ. ಇಳಿಯಬಹುದು, ಅದನ್ನೂ ಗಮನಿಸಿ.