ಅಧ್ಯಕ್ಷರ ಕಾರು, ಕೊನೆಭಾಗದ ನೀರು

ಪ್ರಶ್ನೆ: ನಮ್ಮದು ಭದ್ರಾ ನಾಲೆಯ ಕೊನೆಭಾಗ. ಬೇಸಿಗೆ ಭತ್ತಕ್ಕೆ ನೀರು ತಲುಪುತ್ತಿಲ್ಲವೆಂದು ಹೋರಾಟ ಸಮಿತಿ ಮಾಡಿಕೊಂಡಿದ್ದೇವೆ. ಅಧ್ಯಕ್ಷರು ಚುರುಕಿನವರು, ಆದರೆ ಲೇಔಟ್ ವ್ಯವಹಾರ, ಕೊರಳಲ್ಲಿ ದಪ್ಪ ಸರ, ದೊಡ್ಡ ಕಾರು. ‘ಇವರಿಗೇನು ನೀರಿನ ಚಿಂತೆ’ ಎಂದು ಜನ ಆಡಿಕೊಳ್ಳುತ್ತಾರೆ. ಬದಲಿಸಬೇಕೆ?
– ರೈತರೊಬ್ಬರು, ಹರಿಹರ ತಾಲ್ಲೂಕು

ಉತ್ತರ: ಸರ, ಕಾರು ಅಷ್ಟೇ ಆಗಿದ್ದರೆ ಬೇಡ. ಮೊದಲು ನಾಲೆ ಏರಿಯ ಮೇಲೆ ಒಂದು ಸುತ್ತು ಹೋಗಿಬನ್ನಿ. ಮೇಲ್ಭಾಗದ ಅಕ್ರಮ ಪಂಪ್‌ಸೆಟ್ ತೆಗೆಸಿ ಎನ್ನುವುದು ನಿಮ್ಮ ಬೇಡಿಕೆಯಾಗಿದ್ದು, ಅಧ್ಯಕ್ಷರದೋ ಅವರ ಭಾವಮೈದುನನದೋ ಒಂದು ಪೈಪು ನಾಲೆಗೆ ಇಳಿದಿದ್ದರೆ, ಎಂಜಿನಿಯರು ಬಾಯಿ ಬಿಡಬೇಕಿಲ್ಲ. ಆ ಫೋಟೊ ಸಾಕು. ಅಚ್ಚುಕಟ್ಟಿನ ಗದ್ದೆಯನ್ನೇ ಸೈಟು ಮಾಡಿ ಮಾರಿದ್ದರೂ ಅಷ್ಟೆ. ಬೇಡಿಕೆಗೇ ಅಡ್ಡ ಬರುವ ಇಂಥ ದೋಷವಿದ್ದರೆ ಅವರು ಹಿಂದೆ ಸರಿಯಲಿ. ಉಳಿದದ್ದನ್ನು ಜನ ನಾಲ್ಕು ದಿನ ಆಡಿ ಮರೆಯುತ್ತಾರೆ.

ಹಾಗೆಂದು ದಾವಣಗೆರೆಯ ಜಯದೇವ ವೃತ್ತದ ಧರಣಿಗೆ ಅವರಿಗೆ ಹೊಸ ಹಸಿರು ಶಾಲು ಹೊದಿಸಿ, ಕಾರನ್ನು ಆಚೆ ಬೀದಿಯಲ್ಲಿ ಬಿಡಿಸಿ, ಎತ್ತಿನಗಾಡಿ ಹತ್ತಿಸಬೇಡಿ. ಸಂಜೆಯೊಳಗೆ ಆ ಕಾರಿನ ವಿಡಿಯೊ ಊರೆಲ್ಲ ಓಡಾಡುತ್ತದೆ. ಗಾಂಧೀಜಿ 1921ರ ಸೆಪ್ಟೆಂಬರ್‌ನಲ್ಲಿ ಮದುರೆಯಲ್ಲಿ ತುಂಡು ಬಟ್ಟೆ ಉಟ್ಟಾಗ ಹೋರಾಟವೇ ವಿದೇಶಿ ಬಟ್ಟೆಯ ವಿರುದ್ಧವಿತ್ತು. ಖಾದಿ ಕೊಳ್ಳಲು ಕೈಲಾಗದವರಿಗೆ ತಾನೇ ಉಟ್ಟು ತೋರಿಸಿದ ದಾರಿ ಅದು. ಆಮೇಲೆ ಕೊನೆಯವರೆಗೂ ಅದನ್ನು ಬಿಡಲಿಲ್ಲ.

ಅಧ್ಯಕ್ಷರು ಓಡಾಟ, ಸಭೆಯ ವ್ಯವಸ್ಥೆ ನೋಡಿಕೊಳ್ಳಲಿ. ಪತ್ರಕರ್ತರ ಮುಂದೆ ಕೊನೆಯ ತೂಬಿನ ಎರಡೆಕರೆ ರೈತರೊಬ್ಬರು ಪಹಣಿ ಹಿಡಿದು ಮಾತಾಡಲಿ. ಉಪನಾಲೆ ತೂಬಿನಲ್ಲಿ ನೀರಿನ ಮಟ್ಟ ತೋರಿಸುವ ಗೇಜ್ ಪಟ್ಟಿಯನ್ನು ಬೆಳಿಗ್ಗೆ 7ಕ್ಕೆ, ಸಂಜೆ 5ಕ್ಕೆ ಓದಿ ಬರೆದಿಡಿ; ದಿನಾಂಕ ಬೀಳುವಂತೆ ಒಂದೇ ಜಾಗದಿಂದ ಫೋಟೊ ತೆಗೆಯಿರಿ. ಕೆಲವು ದಿನ ನೀರು ಬಿಟ್ಟು ಕೆಲವು ದಿನ ನಿಲ್ಲಿಸುವ ಆನ್-ಆಫ್ ಪದ್ಧತಿಯಲ್ಲಿ, ಬಿಟ್ಟ ದಿನಗಳ ಲೆಕ್ಕ ಮಾತ್ರ ಕೊಡಿ. ನಿಲ್ಲಿಸಿದ ದಿನದ ಒಂದು ಫೋಟೊ ನುಸುಳಿದರೂ ಇಡೀ ಕಟ್ಟನ್ನೇ ತಳ್ಳಿಹಾಕುತ್ತಾರೆ. ಮನವಿ ಒಂದೇ ಪುಟ, ಪ್ರತಿ ಎರಡು. ಒಂದರ ಮೇಲೆ ಟಪಾಲು ವಿಭಾಗದ ಮೊಹರು, ದಿನಾಂಕ ಹಾಕಿಸಿಕೊಂಡು ಬನ್ನಿ.

ದುಡ್ಡಿನ ವಿಷಯದಲ್ಲಿ ಬಿಗಿಯಾಗಿರಿ. 50 ರೂಪಾಯಿಗೂ ರಸೀದಿ, ಬ್ಯಾಂಕ್ ಖಾತೆಗೆ ಇಬ್ಬರ ಸಹಿ. ಫ್ಲೆಕ್ಸ್ ಖರ್ಚನ್ನು ಅಧ್ಯಕ್ಷರೊಬ್ಬರೇ ಹೊತ್ತರೆ ಅವರ ಮುಖ ದೊಡ್ಡದಾಗಿ, ‘ನೀರು’ ಎಂಬ ಪದ ಮೂಲೆ ಸೇರುತ್ತದೆ. ಫ್ಲೆಕ್ಸಿನಲ್ಲಿ ಯಾರ ಫೋಟೊವೂ ಬೇಡ; ಬೇಡಿಕೆ ರಸ್ತೆಯಾಚೆಯಿಂದ ಓದುವಷ್ಟು ದಪ್ಪಕ್ಷರದಲ್ಲಿರಲಿ.

ಪ್ರಶ್ನೆ: ‘ಸಮಾಜಸೇವಕ’ ಎಂದು ಪೋಸ್ಟರ್ ಹಾಕಿಸಿಕೊಂಡು ಚುನಾವಣೆಗೆ ನಿಂತವರ ನಿಜಬಣ್ಣ ತಿಳಿಯುವುದು ಹೇಗೆ?
– ವಿದ್ಯಾರ್ಥಿನಿ, ಚಿತ್ರದುರ್ಗ

ಉತ್ತರ: ವಿಧಾನಸಭೆ, ಲೋಕಸಭೆಗಾದರೆ ಅಭ್ಯರ್ಥಿ ನಾಮಪತ್ರದ ಜೊತೆ ಸಲ್ಲಿಸುವ ನಮೂನೆ 26ರ ಪ್ರಮಾಣಪತ್ರ (ಅಫಿಡವಿಟ್) ಓದಿ. ಚುನಾವಣಾ ಆಯೋಗದ ಜಾಲತಾಣದಲ್ಲಿ ಸಿಗುತ್ತದೆ. ಅಭ್ಯರ್ಥಿ, ಬಾಳಸಂಗಾತಿ, ಅವಲಂಬಿತರ ಆಸ್ತಿ, ಸಾಲ, ಸರ್ಕಾರಕ್ಕೆ ಬಾಕಿ, ಬಾಕಿ ಇರುವ ಪ್ರಕರಣ ಎಲ್ಲ ಅದರಲ್ಲಿರಬೇಕು. ಕ್ರಿಮಿನಲ್ ಪ್ರಕರಣವಿದ್ದವರು ಪ್ರಚಾರದ ಅವಧಿಯಲ್ಲಿ ಪತ್ರಿಕೆ, ಟಿವಿಯಲ್ಲಿ 3 ಸಲ ಪ್ರಕಟಿಸಬೇಕೆಂಬ ನಿಯಮ 2018ರಿಂದ ಇದೆ. ಒಳಪುಟದ ಸಣ್ಣಕ್ಷರದಲ್ಲಿ ಹುಡುಕಿ. ಹಿಂದೆಯೂ ನಿಂತಿದ್ದವರಾದರೆ ಆಗಿನ ಪ್ರಮಾಣಪತ್ರವನ್ನೂ ಪಕ್ಕದಲ್ಲಿಟ್ಟುಕೊಳ್ಳಿ. ಸ್ವಾರಸ್ಯ ಇರುವುದು ಎರಡರ ನಡುವಿನ ವ್ಯತ್ಯಾಸದಲ್ಲಿ.